ಆನೆ ಬಂದ ಎಸ್‌ಎಂಎಸ್‌ನಲ್ಲಿ ಜಾಗದ ಹೆಸರೇ ಕಾಣುತ್ತಿಲ್ಲ, ಸಹಾಯ ಮಾಡಿ

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ನಮ್ಮದೊಂದು ಚಿಕ್ಕ ಸೇವಾ ತಂಡ. ಕಾಡಾನೆ ಕಂಡರೆ ಸುತ್ತಲಿನ ಊರಿಗೆ, ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಎಸ್‌ಎಂಎಸ್ ಕಳಿಸುತ್ತೇವೆ. ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟ ನಾಲ್ವರು ಹೆಂಗಸರು ಸಂದೇಶ ಬಂದರೂ ಅದೇ ದಾರಿಯಲ್ಲಿ ಅರ್ಧ ನಡೆದಿದ್ದರು. ಯಾರಿಗೂ ಏನೂ ಆಗಲಿಲ್ಲ, ಆದರೆ ನನಗೆ ಇನ್ನೂ ಎದೆ ನಡುಗುತ್ತದೆ. ಅವರ ಫೋನ್ ತೆಗೆದು ನೋಡಿದೆ. ಸಂದೇಶ "ಕಾಡಾನೆಗಳು ಕಾಣಿಸಿಕ" ಅಂತ ನಿಂತಿದೆ. ಉಳಿದದ್ದು ಬಂದಿದ್ದು ಇಪ್ಪತ್ತು ನಿಮಿಷ ಬಿಟ್ಟು. ನಾವು ಕಳಿಸಿದ್ದು ಹೀಗಿತ್ತು:

"ಪ್ರಿಯ ಗ್ರಾಮಸ್ಥರೇ, ನಮ್ಮ ತಂಡಕ್ಕೆ ಬಂದ ಮಾಹಿತಿಯ ಪ್ರಕಾರ ಕಾಡಾನೆಗಳು ಕಾಣಿಸಿಕೊಂಡಿವೆ. ದಯವಿಟ್ಟು ಎಚ್ಚರಿಕೆಯಿಂದ ಇರಿ. ಸ್ಥಳ..."

ಇನ್ನೊಂದು ತೊಂದರೆಯೂ ಇದೆ. ಕೆರೆ ಏರಿಯ ಹೆಸರು ಹಾಕಿದ ಸಂದೇಶ ಯಾರಿಗೂ ಹೋಗುವುದೇ ಇಲ್ಲ.

ಸಂದೇಶಪೆಟ್ಟಿಗೆ:
ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ 70 ಮಾತ್ರ. ಅದಕ್ಕಿಂತ ಉದ್ದವಾದರೆ ತುಂಡಾಗುತ್ತದೆ, ಆಗ ಒಂದೊಂದು ತುಂಡಿಗೆ 67. ನಾವು ಒಂದು ಅಕ್ಷರ ಅಂದುಕೊಳ್ಳುವುದು ಫೋನಿಗೆ ಒಂದಲ್ಲ, ಅಲ್ವಾ? ಗುಣಿತ, ಒತ್ತು ಎಲ್ಲಕ್ಕೂ ಬೇರೆ ಲೆಕ್ಕ. "ಎಚ್ಚರಿಕೆ" ನಮಗೆ ನಾಲ್ಕು, ಅದಕ್ಕೆ ಎಂಟು. ನಿಮ್ಮ ಸಂದೇಶ ಎಣಿಸಿದೆ, ಸರಿಯಾಗಿ "ಕಾಣಿಸಿಕ" ಹತ್ತಿರ 67 ಮುಗಿಯುತ್ತದೆ. ಸಿಗ್ನಲ್ ಸಿಗದ ಕಡೆ ಎರಡನೇ ತುಂಡು ತಡವಾಗುವುದು ಸಾಮಾನ್ಯ.

"ಪ್ರಿಯ ಗ್ರಾಮಸ್ಥರೇ" ತೆಗೆಯಿರಿ. ಮರ್ಯಾದೆ ಕಡಿಮೆಯಾಯಿತು ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲು ಜಾಗ, ಆಮೇಲೆ ಹೊತ್ತು:

"ಆನೆ: ಹೊಳೆ ಪಕ್ಕದ ಗದ್ದೆ, ಬೆಳಿಗ್ಗೆ 5.40. ಆ ದಾರಿ ಬೇಡ."

ಇದು 49. ಆದರೆ ಬದಲಾಯಿಸಿದ ಸಂದೇಶವನ್ನು ಡಿಎಲ್‌ಟಿಯಲ್ಲಿ, ಅಂದರೆ ಒಟ್ಟಿಗೆ ಹಲವರಿಗೆ ಕಳಿಸುವ ಎಸ್‌ಎಂಎಸ್‌ಗಳ ಮಾದರಿಯನ್ನು ಮೊದಲೇ ದಾಖಲಿಸುವ ಟೆಲಿಕಾಂ ಕಂಪನಿಗಳ ವ್ಯವಸ್ಥೆಯಲ್ಲಿ, ಮತ್ತೆ ನೋಂದಾಯಿಸಿ. ನೋಂದಾಯಿಸಿದ ಮಾದರಿಗೆ ಹೊಂದದಿದ್ದರೆ ಅರ್ಧದಲ್ಲೇ ತಡೆಯುತ್ತಾರೆ. ಕೆರೆ ಏರಿಗೆ ಏನಂತ ಬರೆಯುತ್ತೀರಿ?

ತೋಟದಮನೆ:
"ಹಳೇ ಮಿಲ್ ಪಕ್ಕದ ಕೆರೆ ಏರಿ ದಾರಿಯಲ್ಲಿ".

ಸಂದೇಶಪೆಟ್ಟಿಗೆ:
ಅದೇ ಸಮಸ್ಯೆ ಇರಬೇಕು. ಮಾದರಿಯಲ್ಲಿ ಪ್ರತಿ ಸಲ ಬದಲಿಸಿ ತುಂಬುವ ಒಂದು ಖಾಲಿ ಜಾಗಕ್ಕೆ 30 ಅಕ್ಷರದ ಮಿತಿ. ಇದು 33. ಬರೀ "ಮಿಲ್ ಕೆರೆ ಏರಿ" ಅನ್ನಿ. ಊರಿನವರು ಏನಂತಾರೋ ಅದನ್ನೇ ಹಾಕಿ, ಹೆಸರುಗಳ ಪಟ್ಟಿಯನ್ನು ಅವರ ಜೊತೆಯೇ ಕೂತು ಮಾಡಿ.

ಹಾರಂಗಿ:
ನಡುವೆ ಬಂದೆ, ಕ್ಷಮಿಸಿ. ಹಳೇ ಕೀಪ್ಯಾಡ್ ಫೋನ್ ಒಂದರಲ್ಲಿ ನೋಡಿದ್ದೀರಾ? ಕೆಲವದರಲ್ಲಿ ಕನ್ನಡ ಬರೀ ಚೌಕ ಚೌಕ ಕಾಣುತ್ತದೆ. ಓದಲು ಬಾರದವರೂ ಇರುತ್ತಾರೆ. ಅವರಿಗೆ ಧ್ವನಿಯಲ್ಲಿ ಕರೆ ಮಾಡಿಸಿ, ಊರಿನವರ ದನಿಯಲ್ಲೇ ರೆಕಾರ್ಡ್ ಮಾಡಿ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಎಸ್‌ಎಂಎಸ್ ಜೊತೆಗೆ ಮೊಬೈಲಿನಿಂದ ಹೊತ್ತಿಸುವ ಕೆಂಪು ದೀಪಗಳನ್ನೂ ಇಟ್ಟಿದ್ದಾರೆ. ದೂರದಿಂದಲೇ ಕಾಣುತ್ತದೆ, ಓದುವ ಕೆಲಸವೇ ಇಲ್ಲ. ಇನ್ನೊಂದು ಮಾತು, ಆನೆ ಎಲ್ಲಿದೆ ಅನ್ನೋದನ್ನು ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಹಾಕಬೇಡಿ. ವಿಡಿಯೋ ಮಾಡೋಕೆ ಜನ ಓಡಿ ಬರುತ್ತಾರೆ.

ತೋಟದಮನೆ:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಮಾದರಿ ಒಪ್ಪಿಗೆಯಾಯಿತು. ಮಿಲ್ ಕೆರೆ ಏರಿ ಸಂದೇಶ ಈಗ ಹೋಗುತ್ತಿದೆ. ಮೂವತ್ತೊಂದು ಕೀಪ್ಯಾಡ್ ನಂಬರುಗಳಿಗೆ ಕರೆ ಹೋಗುತ್ತದೆ. ದನಿ ಆ ನಾಲ್ವರಲ್ಲಿ ಒಬ್ಬರದ್ದೇ, ಅವರೇ ಮುಂದೆ ಬಂದು ಕೊಟ್ಟರು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆನೆ ಹೋದ ಮೇಲೆ "ದಾರಿ ಖಾಲಿ" ಅಂತ ಕಳಿಸೋಣವೇ? ಜನ ಕೇಳುತ್ತಿದ್ದಾರೆ.

ಹಾರಂಗಿ:
ಬೇಡ. ಗುಂಪು ದಾಟಿದರೂ ಒಂಟಿ ಸಲಗ ಹಿಂದೆ ಉಳಿದಿರಬಹುದು, ಕಾಫಿ ಗಿಡದ ನಡುವೆ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. "7.15ಕ್ಕೆ ಹೊಳೆ ಆಚೆ ಕಂಡಿದೆ" ಅಂತ ಕಂಡಷ್ಟನ್ನೇ ಕಳಿಸಿ.