ಏಳು ರೆಪೊಗಳಿಗೆ ಒಂದೇ ಲೇಬಲ್ ಪಟ್ಟಿ: ಕಮಾಂಡ್ ಲೈನಿನಿಂದ ಮಾಡುವುದು ಹೇಗೆ?

ಪ್ರಶ್ನೆ: ಪೆರ್ಲ, ಕಾಸರಗೋಡು

ಅಡಿಕೆ ಬೆಳೆಗಾರರು ತೂಕ, ದರ, ಬಾಕಿಗಳ ಲೆಕ್ಕ ಇಟ್ಟುಕೊಳ್ಳುವುದಕ್ಕೆ ಒಂದು ಮುಕ್ತ ತಂತ್ರಾಂಶವನ್ನು ನಾವು ಐದು ಮಂದಿ ಬಿಡುವಿನ ವೇಳೆಯಲ್ಲಿ ಬರೆಯುತ್ತಿದ್ದೇವೆ. ಮೊಬೈಲ್ ಆ್ಯಪ್, ಸರ್ವರ್, ರಶೀದಿ ಮುದ್ರಣ, ಅನುವಾದ ಎಂದು ಕೆಲಸ ಕವಲೊಡೆಯುತ್ತ ಹೋಗಿ ಗಿಟ್‌ಹಬ್‌ನಲ್ಲಿ ಈಗ ಏಳು ರೆಪೊಗಳಾಗಿವೆ, ಅಂದರೆ ಏಳು ಬೇರೆ ಬೇರೆ ಕಡತಸಂಗ್ರಹಗಳು. ಒಬ್ಬೊಬ್ಬರು ಒಂದೊಂದು ರೆಪೊವನ್ನು ತೆರೆದದ್ದರಿಂದ ಇಶ್ಯೂಗಳಿಗೆ (ದಾಖಲಿಸಿದ ದೋಷ, ಬೇಡಿಕೆಗಳಿಗೆ) ಅಂಟಿಸುವ ಲೇಬಲ್‌ಗಳೂ ಒಬ್ಬೊಬ್ಬರ ಮನಸ್ಸಿಗೆ ಬಂದಂತೆ ಇವೆ. ಒಂದರಲ್ಲಿ ‘ಬಗ್’ ಇದ್ದರೆ ಇನ್ನೊಂದರಲ್ಲಿ ‘ದೋಷ’ ಇದೆ. ಮಲಯಾಳಂ ಮಾತನಾಡುವ ಗೆಳೆಯರೊಬ್ಬರು ಆರಂಭಿಸಿದ ರೆಪೊದಲ್ಲಿ ಅದೇ ಅರ್ಥಕ್ಕೆ ‘ಪಿಶಕ್’ ಇದೆ. ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯನ್ನು ತಪ್ಪಿಲ್ಲದೆ ವಿಂಗಡಿಸುವ ತಂತ್ರಾಂಶ ಬರೆಯುವವರು ತಮ್ಮದೇ ಕೆಲಸವನ್ನು ವಿಂಗಡಿಸಲಾರದೆ ಕುಳಿತಿದ್ದೇವೆ.

ಜಾಲತಾಣದಲ್ಲಿ ಕ್ಲಿಕ್ ಮಾಡುತ್ತ ಏಳು ಕಡೆ ಸರಿಪಡಿಸುವ ತಾಳ್ಮೆ ನನಗಿಲ್ಲ. ‘ಜಿಎಚ್’ ಎಂಬ ಗಿಟ್‌ಹಬ್ಬಿನ ಕಮಾಂಡ್ ಲೈನ್ ಸಾಧನವನ್ನು ಅನುಸ್ಥಾಪಿಸಿ ಲಾಗಿನ್ ಆಗಿದ್ದೇನೆ. ಹಳೆಯ ಇಶ್ಯೂಗಳಿಗೆ ಅಂಟಿಸಿದ ಲೇಬಲ್‌ಗಳು ಕಳೆದುಹೋಗದಂತೆ ಏಳನ್ನೂ ಒಂದೇ ಪಟ್ಟಿಗೆ ತರುವ ದಾರಿ ಯಾವುದು? ಲೇಬಲ್‌ಗಳ ಹೆಸರು ಕನ್ನಡದಲ್ಲಿರುವುದು ಒಳ್ಳೆಯದೋ, ಇಂಗ್ಲಿಷಿನಲ್ಲಿರುವುದು ಒಳ್ಳೆಯದೋ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ: ತಾಳವಾಡಿ, ತಮಿಳುನಾಡು

ಮೊದಲಿಗೆ ಒಂದು ಎಚ್ಚರಿಕೆ: ಯಾವ ಲೇಬಲನ್ನೂ ಈಗ ಅಳಿಸಬೇಡಿ. ಲೇಬಲನ್ನು ಅಳಿಸಿದರೆ ಅದು ಅಂಟಿಕೊಂಡಿದ್ದ ಎಲ್ಲ ಇಶ್ಯೂಗಳಿಂದಲೂ ಮರೆಯಾಗುತ್ತದೆ, ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೂ ಹಿಂದಿನ ಅಂಟು ಮರಳುವುದಿಲ್ಲ. ಹೆಸರು ಬದಲಾಯಿಸಿದರೆ ಈ ತೊಂದರೆಯಿಲ್ಲ. ‘ಜಿಎಚ್ ಲೇಬಲ್ ಎಡಿಟ್ ಪಿಶಕ್ --ನೇಮ್ ಬಗ್’ ಎಂದು ಕೊಟ್ಟರೆ ‘ಪಿಶಕ್’ ಇದ್ದ ಇಶ್ಯೂಗಳೆಲ್ಲ ತಾವಾಗಿಯೇ ‘ಬಗ್’ ಅಡಿಯಲ್ಲಿ ಬರುತ್ತವೆ. (ಓದಲು ಅನುಕೂಲವಾಗಲೆಂದು ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು.)

ತೊಡಕು ಬರುವುದು ಒಂದೇ ರೆಪೊದಲ್ಲಿ ‘ಬಗ್’ ಮತ್ತು ‘ದೋಷ’ ಎರಡೂ ಇದ್ದಾಗ. ಹೊಸ ರೆಪೊ ತೆರೆದಾಗ ಗಿಟ್‌ಹಬ್ ತಾನಾಗಿ 9 ಲೇಬಲ್‌ಗಳನ್ನು ಇಡುತ್ತದೆ, ‘ಬಗ್’ ಅವುಗಳಲ್ಲಿ ಒಂದು. ಆದ್ದರಿಂದ ಈ ಪ್ರಸಂಗ ನಿಮಗೆ ಎದುರಾಗುವುದು ಬಹುಮಟ್ಟಿಗೆ ಖಚಿತ. ಆ ಹೆಸರು ಆಗಲೇ ಇರುವುದರಿಂದ ಎಡಿಟ್ ಆಜ್ಞೆ ವಿಫಲವಾಗುತ್ತದೆ. ಅಕ್ಷರಗಳ ದೊಡ್ಡದು ಚಿಕ್ಕದನ್ನು ಗಿಟ್‌ಹಬ್ ಬೇರೆಯೆಂದು ಎಣಿಸುವುದಿಲ್ಲವಾದ್ದರಿಂದ ದೊಡ್ಡ ‘ಬಿ’ ಹಾಕಿ ನುಸುಳಲೂ ಆಗುವುದಿಲ್ಲ. ಆಗ ‘ದೋಷ’ ಲೇಬಲ್ ಇರುವ ಇಶ್ಯೂಗಳ ಸಂಖ್ಯೆಗಳನ್ನು ‘ಜಿಎಚ್ ಇಶ್ಯೂ ಲಿಸ್ಟ್’ ಮೂಲಕ ತೆಗೆದು, ‘ಜಿಎಚ್ ಇಶ್ಯೂ ಎಡಿಟ್’ನಲ್ಲಿ ‘--ಆ್ಯಡ್-ಲೇಬಲ್’ ಮತ್ತು ‘--ರಿಮೂವ್-ಲೇಬಲ್’ ಎರಡನ್ನೂ ಕೊಟ್ಟು ಸ್ಥಳಾಂತರಿಸಿ, ಬರಿದಾದ ಮೇಲೆ ಹಳೆಯದನ್ನು ಅಳಿಸಬೇಕು.

ಇಲ್ಲಿಯೇ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಆ ಲಿಸ್ಟ್ ಆಜ್ಞೆ ತಾನಾಗಿ ತೋರಿಸುವುದು ತೆರೆದಿರುವ ಇಶ್ಯೂಗಳನ್ನು ಮಾತ್ರ, ಅದರಲ್ಲಿಯೂ 30ನ್ನು ಮಾತ್ರ. ಪರದೆಯ ಮೇಲೆ ಕಂಡದ್ದೇ ಪೂರ್ತಿಯೆಂದು ನಂಬಿ, ಅಷ್ಟನ್ನು ಸಾಗಿಸಿ ಹಳೆಯ ಲೇಬಲನ್ನು ಅಳಿಸಿಬಿಟ್ಟೆ; ಎರಡು ವರ್ಷಗಳ ಮುಚ್ಚಿದ ಇಶ್ಯೂಗಳು ಗುರುತಿಲ್ಲದೆ ಉಳಿದವು. ‘--ಸ್ಟೇಟ್ ಆಲ್’ ಮತ್ತು ‘--ಲಿಮಿಟ್ 1000’ ಸೇರಿಸುವುದನ್ನು ಮರೆಯಬೇಡಿ. ಪುಲ್ ರಿಕ್ವೆಸ್ಟ್‌ಗಳು (ಬರೆದ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಈ ಪಟ್ಟಿಯಲ್ಲಿ ಬರುವುದಿಲ್ಲ, ಅವುಗಳಿಗೆ ‘ಜಿಎಚ್ ಪಿಆರ್ ಲಿಸ್ಟ್’ ಎಂದು ಬೇರೆಯಾಗಿಯೇ ಕೇಳಬೇಕು.

ಹೀಗೆ ಒಂದು ರೆಪೊವನ್ನು ಮನಸ್ಸಿಗೆ ಒಪ್ಪುವಂತೆ ಸಿದ್ಧಪಡಿಸಿ, ಉಳಿದ ಆರರಲ್ಲಿಯೂ ಹಳೆಯ ಹೆಸರುಗಳನ್ನು ಸರಿಪಡಿಸಿಕೊಂಡರೆ ಮುಂದಿನದು ಸುಲಭ. ಒಂದೊಂದರ ಕಡತಕೋಶದಲ್ಲಿ ನಿಂತು ‘ಜಿಎಚ್ ಲೇಬಲ್ ಕ್ಲೋನ್’ ಆಜ್ಞೆಗೆ ಆ ಮಾದರಿ ರೆಪೊದ ಹೆಸರು ಕೊಟ್ಟರಾಯಿತು. ಇಲ್ಲದ ಲೇಬಲ್‌ಗಳು ಬಂದು ಸೇರುತ್ತವೆ. ‘--ಫೋರ್ಸ್’ ಸೇರಿಸಿದರೆ ಈಗಾಗಲೇ ಇರುವವುಗಳ ಬಣ್ಣ, ವಿವರಣೆಗಳೂ ಮಾದರಿಯಂತೆ ಆಗುತ್ತವೆ. ಹೆಚ್ಚುವರಿ ಲೇಬಲ್‌ಗಳನ್ನು ಕ್ಲೋನ್ ಅಳಿಸುವುದಿಲ್ಲ, ಅದು ನಿಮ್ಮ ಕೆಲಸ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಹೆಸರು ಬದಲಾವಣೆ ನಾಲ್ಕು ರೆಪೊಗಳಲ್ಲಿ ಸರಾಗವಾಗಿ ಮುಗಿಯಿತು. ಆದರೆ ಮುಂದೆ ಬೇರೆಡೆಯೂ ಬಳಸಬಹುದೆಂದು ಹೆಸರು, ವಿವರಣೆ, ಬಣ್ಣಗಳನ್ನು ಎಕ್ಸೆಲ್‌ನಲ್ಲಿ ಬರೆದು ಸಿಎಸ್‌ವಿ ಕಡತವಾಗಿ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿ) ಉಳಿಸಿ, ಒಂದು ಲೂಪ್ ಮೂಲಕ ‘ಜಿಎಚ್ ಲೇಬಲ್ ಕ್ರಿಯೇಟ್’ ಓಡಿಸಿದರೆ ಒಂದೂ ಸೃಷ್ಟಿಯಾಗಲಿಲ್ಲ. ಬಣ್ಣ ಸರಿಯಿಲ್ಲವೆಂಬ ದೂರು ಬರುತ್ತದೆ. ‘ಡಿ73ಎ4ಎ’ ಎಂದು ಆರೇ ಅಕ್ಷರಗಳಿರುವುದನ್ನು ಮೂರು ಸಲ ನೋಡಿದ್ದೇನೆ. ಕಡತವನ್ನು ತೆರೆದು ನೋಡಿದರೆ ಕನ್ನಡ ವಿವರಣೆಗಳಿದ್ದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಕಾಣುತ್ತಿದೆ. ನಾನು ವಿಂಡೋಸ್‌ನಲ್ಲಿ ಗಿಟ್ ಬ್ಯಾಶ್ ಎಂಬ ಟರ್ಮಿನಲ್ ಬಳಸುತ್ತಿದ್ದೇನೆ.

ಉತ್ತರ: ಅಕ್ಕಲಕೋಟೆ, ಮಹಾರಾಷ್ಟ್ರ

ಎರಡು ಬೇರೆ ಬೇರೆ ರೋಗಗಳು ಒಟ್ಟಿಗೆ ಕಾಣಿಸಿಕೊಂಡಿವೆ. ವಿಂಡೋಸ್ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಎರಡು ಚಿಹ್ನೆಗಳನ್ನು ಇಡುತ್ತದೆ, ಬ್ಯಾಶ್ ಅವುಗಳಲ್ಲಿ ಒಂದನ್ನು ಮಾತ್ರ ಸಾಲಿನ ಕೊನೆಯೆಂದು ತಿಳಿಯುತ್ತದೆ. ಬಣ್ಣ ನಿಮ್ಮ ಸಾಲಿನ ಕಟ್ಟಕಡೆಯ ಅಂಕಣವಾದ್ದರಿಂದ ಉಳಿದ ಚಿಹ್ನೆ ಅದರ ಬಾಲಕ್ಕೆ ಅಂಟಿಕೊಂಡು, ಆರು ಅಕ್ಷರಗಳ ಬಣ್ಣ ಏಳು ಅಕ್ಷರಗಳದ್ದಾಗಿದೆ. ಕಡತವನ್ನು ‘ಡಾಸ್2ಯುನಿಕ್ಸ್’ ಆಜ್ಞೆಯ ಮೂಲಕ ಹಾಯಿಸಿದರೆ ಅದು ಸರಿಹೋಗುತ್ತದೆ. ಪ್ರಶ್ನೆ ಚಿಹ್ನೆಗಳು ಮಾತ್ರ ಇನ್ನು ಕನ್ನಡವಾಗಲಾರವು. ಎಕ್ಸೆಲ್‌ನಲ್ಲಿ ಬರಿಯ ‘ಸಿಎಸ್‌ವಿ’ ಬದಲು ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನು ಆರಿಸಿ ಹೊಸದಾಗಿ ಉಳಿಸಬೇಕು. ನನ್ನನ್ನು ಕೇಳಿದರೆ ಎಕ್ಸೆಲನ್ನೇ ಬಿಟ್ಟು, ಸಾದಾ ಪಠ್ಯ ಸಂಪಾದಕದಲ್ಲಿ ಬರೆದ ಆ ಕಡತವನ್ನು ಗಿಟ್‌ನಲ್ಲಿಯೇ ಇಡಿ. ಯಾರು ಯಾವಾಗ ಯಾವ ಲೇಬಲ್ ಸೇರಿಸಿದರೆಂಬುದು ತಾನಾಗಿ ದಾಖಲಾಗುತ್ತದೆ.

ಹೆಸರು ಯಾವ ಭಾಷೆಯಲ್ಲಿರಬೇಕೆಂದು ಕೇಳಿದ್ದಿರಿ. ಗಿಟ್‌ಹಬ್ ಕನ್ನಡ ಹೆಸರುಗಳನ್ನು ಒಪ್ಪುತ್ತದೆ. ಆದರೂ ಹೆಸರು ಇಂಗ್ಲಿಷಿನಲ್ಲಿದ್ದು ವಿವರಣೆ ಕನ್ನಡದಲ್ಲಿರಲಿ ಎಂಬುದು ನನ್ನ ಅಭಿಪ್ರಾಯ, ಅಭಿಮಾನ ಕಡಿಮೆಯಾಗಿ ಹೇಳುತ್ತಿರುವ ಮಾತಲ್ಲ. ‘ಸಾಫ್ಟ್‌ವೇರ್’ ಎಂದು ನೀವು ಬರೆಯುವಾಗ ನಡುವೆ ಕಾಣದ ಒಂದು ಚಿಹ್ನೆ ಸೇರುತ್ತದೆ. ಇನ್ನೊಬ್ಬರ ಕೀಲಿಮಣೆ ಅದನ್ನು ಸೇರಿಸದೆ ಹೋದರೆ ಕಡತದಲ್ಲಿ ಹುಡುಕುವ ಸ್ಕ್ರಿಪ್ಟಿಗೆ ಅವೆರಡೂ ಬೇರೆ ಬೇರೆ ಪದಗಳು. ಅಲ್ಲದೆ ಮಲಯಾಳಂ ಗೆಳೆಯರಿಗೂ ಇಂಗ್ಲಿಷ್ ಹೆಸರು ನಡುಮನೆಯಂತೆ ಒದಗುತ್ತದೆ. ಮುಖ್ಯವಾಗಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲಿನ ಹೆಸರನ್ನು ಮುಟ್ಟಬೇಡಿ, ಹೊಸಬರಿಗೆ ಸುಲಭದ ಕೆಲಸ ತೋರಿಸಿಕೊಡಲು ಗಿಟ್‌ಹಬ್ ಅದನ್ನು ಬಳಸಿಕೊಳ್ಳುತ್ತದೆ.

ವಿವರಣೆಗೆ 100 ಅಕ್ಷರಗಳ ಮಿತಿಯಿದೆ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರವಾದರೂ ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತಗಳಾದ್ದರಿಂದ ಕನ್ನಡದಲ್ಲಿ ಆ ಮಿತಿ ನೀವು ಎಣಿಸಿದ್ದಕ್ಕಿಂತ ಬೇಗ ತಲಪುತ್ತದೆ.

ಪ್ರಶ್ನೆ ಕೇಳಿದವರು

ಕಡತ ಸರಿಹೋಯಿತು, ಏಳೂ ರೆಪೊಗಳಲ್ಲಿ ಈಗ ಒಂದೇ ಪಟ್ಟಿಯಿದೆ. ನಮ್ಮ ಪಟ್ಟಿಯಲ್ಲಿ 34 ಲೇಬಲ್‌ಗಳಿದ್ದು ‘ಜಿಎಚ್ ಲೇಬಲ್ ಲಿಸ್ಟ್’ 30ನ್ನೇ ತೋರಿಸಿದಾಗ ಕ್ಷಣಕಾಲ ಎದೆ ಧಸಕ್ಕೆಂದಿತು. ಅಲ್ಲಿಯೂ ಅದೇ ಮಿತಿಯೆಂದು ತಾಳವಾಡಿಯವರ ಅನುಭವವನ್ನು ನೆನೆದು ಸಮಾಧಾನಪಟ್ಟೆ.

ಒಂದು ಸಂಗತಿ ಮಾತ್ರ ಬಗೆಹರಿದಿಲ್ಲ. ‘ದೋಷ’ವನ್ನು ‘ಬಗ್’ ಮಾಡಿದ ಮೇಲೆ ರಶೀದಿ ಮುದ್ರಣದ ರೆಪೊದಲ್ಲಿ ಹೊಸದಾಗಿ ಬರುವ ಇಶ್ಯೂಗಳಿಗೆ ಯಾವ ಲೇಬಲೂ ಅಂಟುತ್ತಿಲ್ಲ. ಮೊದಲು ತಾನಾಗಿಯೇ ಅಂಟುತ್ತಿತ್ತು.

ಉತ್ತರ: ತಾಳವಾಡಿ, ತಮಿಳುನಾಡು

ಆ ರೆಪೊದ ಇಶ್ಯೂ ಟೆಂಪ್ಲೇಟ್ (ಹೊಸ ಇಶ್ಯೂ ಬರೆಯುವವರಿಗೆ ಕಾಣುವ ಮಾದರಿ) ಕಡತವನ್ನು ತೆರೆದು ನೋಡಿ. ಅದರ ತಲೆಭಾಗದಲ್ಲಿ ‘ಲೇಬಲ್ಸ್’ ಎಂಬ ಸಾಲಿನ ಮುಂದೆ ‘ದೋಷ’ ಎಂದೇ ಉಳಿದಿರಬೇಕು. ಹೆಸರು ಬದಲಾಯಿಸುವ ಆಜ್ಞೆ ಆ ಕಡತವನ್ನು ಮುಟ್ಟುವುದಿಲ್ಲ, ರೆಪೊದಲ್ಲಿ ಇಲ್ಲದ ಲೇಬಲನ್ನು ಟೆಂಪ್ಲೇಟ್ ಕೇಳಿದರೆ ಗಿಟ್‌ಹಬ್ ದೂರು ಹೇಳದೆ ಸುಮ್ಮನೆ ಬಿಟ್ಟುಬಿಡುತ್ತದೆ.

ಪ್ರಶ್ನೆ ಕೇಳಿದವರು

ಹೌದು, ಅಲ್ಲಿಯೇ ಇತ್ತು. ಬದಲಾಯಿಸಿದೆ, ಈಗ ಅಂಟುತ್ತಿದೆ.