ತೋಡು ಒಂದು, ವಾರ್ಡು ಎರಡು: ಸಂಕದ ವಿಷಯ ಈಗಲೇ ಎತ್ತುವ

ಬೈಲುಮನೆ (ಶನಿವಾರ, 13 ಡಿಸೆಂಬರ್ 2025, ಸಂಜೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನಲ್ಲೂ ಪಂಚಾಯತು ಚುನಾವಣೆಯ ಫಲಿತಾಂಶ ಬಂತು. ತೋಡಿನ (ಹಳ್ಳದ) ಈಚೆಕರೆಯಲ್ಲಿ, ಅಂದರೆ ಈಚೆ ದಡದಲ್ಲಿ, ಗೆದ್ದವರು 23 ಮತಗಳ ಅಂತರದಲ್ಲಿ ಗೆದ್ದಿದ್ದಾರೆ. ಆಚೆಕರೆಯಲ್ಲಿ ಬೇರೆ ಪಕ್ಷದವರು ಗೆದ್ದಿದ್ದಾರೆ. ಮಧ್ಯಾಹ್ನದಿಂದ ನಮ್ಮ ಈ ವಾಟ್ಸಾಪ್ ಗುಂಪಿನಲ್ಲಿ ಪಟಾಕಿಯ ವೀಡಿಯೊಗಳೇ ಬರುತ್ತಿವೆ. ಸಂತೋಷ ಪಡುವವರು ಪಡಲಿ, ತಪ್ಪಲ್ಲ. ನನ್ನದೊಂದು ಪ್ರಶ್ನೆ ಇದೆ. ತೋಡು ದಾಟುವ ನಮ್ಮ ಸಂಕ (ಕಿರುಸೇತುವೆ) ಈಗ ಯಾರ ವಾರ್ಡಿನಲ್ಲಿದೆ?

ಹೊಸದಾಗಿ ಬಂದ ಮನೆಯವರಿಗಾಗಿ ಹೇಳುತ್ತೇನೆ. ಕಳೆದ ಸಲದವರೆಗೆ ತೋಡಿನ ಎರಡೂ ಕರೆ ಒಂದೇ ವಾರ್ಡು. ಈ ಚುನಾವಣೆಗೆ ಮೊದಲು ಕೇರಳದಲ್ಲೆಲ್ಲ ವಾರ್ಡುಗಳ ಮರುವಿಂಗಡಣೆ ಆಯಿತು. ನಮ್ಮ ಪಂಚಾಯತಿಗೂ ವಾರ್ಡು ಜಾಸ್ತಿ ಆಯಿತು. ಗಡಿ ಗುರುತಿಸುವಾಗ ಹೊಳೆ, ತೋಡು, ರಸ್ತೆಗಳನ್ನೇ ಹಿಡಿಯುತ್ತಾರೆ. ಹಾಗೆ ನಮ್ಮ ತೋಡೇ ಗಡಿ ಆಯಿತು. ಸಂಕದ ಒಂದು ತುದಿ ಒಬ್ಬ ಮೆಂಬರಿಗೆ, ಇನ್ನೊಂದು ತುದಿ ಇನ್ನೊಬ್ಬರಿಗೆ.

ಸಂಕದ ಸ್ಥಿತಿ ಎಲ್ಲರೂ ನೋಡಿದ್ದೀರಿ. ಜುಲೈ ಮಳೆಗೆ ಒಂದು ಬದಿಯ ಕೈಹಿಡಿ ಪೂರ್ತಿ ಬಿದ್ದಿದೆ. ಬಿದ್ದ ಜಾಗಕ್ಕೆ ಅಡಿಕೆ ಮರದ ಸಲಾಕೆ ಕಟ್ಟಿದ್ದೇವೆ. ಶಾಲೆಗೆ ಹೋಗುವ ಮಕ್ಕಳು ಅದನ್ನೇ ಹಿಡಿದು ದಾಟುತ್ತಾರೆ. ನೀರು ತಡೆಯಲು ಕೆಳಗಿನ ಕಿಂಡಿಗಳಿಗೆ ಇಳಿಸುವ ಹಲಗೆಗಳಲ್ಲಿ ಅರ್ಧಕ್ಕರ್ಧ ಕುಂಬಾಗಿ ಹಾಳಾಗಿವೆ. ಹಲಗೆ ಇಳಿಸದಿದ್ದರೆ ಕಟ್ಟದಲ್ಲಿ (ತೋಡಿನ ಸಣ್ಣ ಒಡ್ಡಿನಲ್ಲಿ) ನೀರು ನಿಲ್ಲುವುದಿಲ್ಲ. ನೀರು ನಿಲ್ಲದಿದ್ದರೆ ಮಾರ್ಚಿನಲ್ಲಿ ಮೇಲಿನ ಬಾವಿಗಳು ತಳ ಕಾಣುತ್ತವೆ. ಕಳೆದ ವರ್ಷ ನಮ್ಮ ಬಾವಿಯಿಂದ ಏಳು ಮನೆಯವರು ನೀರು ಕೊಂಡೊಯ್ದರು. ಏಪ್ರಿಲಿನಲ್ಲಿ ನಮಗೇ ಸಾಕಾಗಲಿಲ್ಲ. ನೀರು ಕೇಳಿ ಬಂದವರಿಗೆ ಇಲ್ಲ ಅನ್ನುವಾಗ ಎಷ್ಟು ಸಂಕಟ ಆಗುತ್ತದೆ ಎಂದು ಹೇಳಿ ಮುಗಿಯುವುದಿಲ್ಲ.

ಪ್ರಚಾರಕ್ಕೆ ಬಂದ ಎಲ್ಲ ಅಭ್ಯರ್ಥಿಗಳಿಗೂ ಸಂಕ ತೋರಿಸಿದ್ದೆ. ಎಲ್ಲರೂ ‘ನೋಡುವ’ ಅಂದರು. ನೋಡಿದ್ದು ಸಾಕು, ಈಗ ಕೇಳುವ.

ಗುಡ್ಡೆಮನೆ ತಮ್ಮ

ಅಣ್ಣ, ನೀವು ಹೇಳುವುದು ಸರಿ. ಆದರೆ ಸಂಕದ ಹತ್ತಿರದ ನಮ್ಮ ಮನೆಗಳಲ್ಲಿ ಜಾಸ್ತಿ ಓಟು ಸೋತವರಿಗೆ ಬಿದ್ದಿದೆ ಅಂತ ಎಲ್ಲರಿಗೂ ಗೊತ್ತು. ಗೆದ್ದವರು ನಮ್ಮ ಕೆಲಸ ಯಾಕೆ ಮಾಡುತ್ತಾರೆ? ಐದು ವರ್ಷ ಸುಮ್ನೆ ಅಲೆಯಬೇಕಾದೀತು.

ಮಾಷ್ಟ್ರು

ತಮ್ಮ, ಯಾರು ಯಾರಿಗೆ ಓಟು ಹಾಕಿದರು ಎಂಬ ಮಾತು ಈ ಗುಂಪಿನಲ್ಲಿ ಬೇಡ. ಅದು ಅವರವರ ಗುಟ್ಟು.

ಇನ್ನು ಕೆಲಸದ ವಿಷಯ. ಮೆಂಬರ್ ಮನೆ ಬಾಗಿಲಲ್ಲಿ ನಿಂತು ಬೇಡುವ ಅಗತ್ಯ ಇಲ್ಲ. ದಾರಿ ಕಾನೂನಿನಲ್ಲೇ ಇದೆ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡಿನ ಮತದಾರರೆಲ್ಲ ಸೇರಿದ್ದೇ ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಸಭೆ ಕರೆಯುವುದು ಮೆಂಬರಿನ ಕೆಲಸ. ಅವರಾಗಿ ಕರೆಯುವವರೆಗೆ ನಾವು ಕಾಯಬೇಕೆಂದೂ ಇಲ್ಲ. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಬರಹದಲ್ಲಿ ಕೇಳಿದರೆ, ನಾವು ಕೊಟ್ಟ ವಿಷಯದ ಮೇಲೆಯೇ 15 ದಿನದೊಳಗೆ ವಿಶೇಷ ಸಭೆ ಕರೆಯಬೇಕು. ಎರಡು ಸಾಮಾನ್ಯ ಸಭೆಗಳ ನಡುವೆ ಹೀಗೆ ಒಂದೇ ಸಲ ಕೇಳಬಹುದು. ಆದ್ದರಿಂದ ಆ ಅವಕಾಶವನ್ನು ಬೇರೆ ಸಣ್ಣ ವಿಷಯಕ್ಕೆ ಕಳೆಯಬಾರದು.

ನಮ್ಮ ಕರೆಯ ಪಟ್ಟಿಯಲ್ಲಿ ಸಾವಿರದ ನೂರೈವತ್ತರ ಹತ್ತಿರ ಹೆಸರು ಇದೆ. 120 ಸಹಿ ಸಿಕ್ಕಿದರೆ ಸಾಕು.

ಆಚೆಕರೆ ಅಕ್ಕ

ಮಾಷ್ಟ್ರೇ, ನಾವು ಆಚೆಕರೆಯವರೂ ಅದೇ ಕಾಗದಕ್ಕೆ ಸಹಿ ಹಾಕಬಹುದಾ? ನನ್ನ ಮಗಳು ದಿನಕ್ಕೆ ಎರಡು ಸಲ ಆ ಸಂಕ ದಾಟುತ್ತಾಳೆ. ಅವಳು ಬರುವ ಹೊತ್ತಿಗೆ ನಾನು ತೋಡಿನ ಬದಿಗೆ ಹೋಗಿ ನಿಲ್ಲುತ್ತೇನೆ. ಮಳೆಗಾಲದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಮಾಷ್ಟ್ರು

ಇಲ್ಲ ಅಕ್ಕ. ಪ್ರತಿ ವಾರ್ಡಿಗೂ ಬೇರೆ ಬೇರೆ ಗ್ರಾಮಸಭೆ. ಆಚೆಕರೆಯವರು ಈಚೆಕರೆಯ ಕಾಗದಕ್ಕೆ ಸಹಿ ಹಾಕಿದರೆ ಲೆಕ್ಕಕ್ಕೆ ಬರುವುದಿಲ್ಲ. ಎರಡು ಅರ್ಜಿ ಬೇಕು, ಎರಡು ಸಭೆ ಆಗಬೇಕು, ಎರಡರಲ್ಲೂ ಒಂದೇ ನಿರ್ಣಯ ಬರೆಸಬೇಕು. ಆಗ ‘ಅದು ಅವರ ವಾರ್ಡು’ ಎಂದು ತಳ್ಳಲು ಜಾಗವೇ ಇರುವುದಿಲ್ಲ. ಸಹಿಯ ಮುಂದೆ ಮತದಾರರ ಪಟ್ಟಿಯ ಕ್ರಮ ಸಂಖ್ಯೆ ಬರೆಯಿರಿ, ಪರಿಶೀಲಿಸಲು ಸುಲಭ.

ಅಂಗಡಿ ಇಚ್ಚ

ಎರಡು ಕಾಗದವೂ ನನ್ನ ಅಂಗಡಿಯಲ್ಲಿ ಇಡಿ. ಬೆಳಿಗ್ಗೆ ಹಾಲಿಗೆ ಬರುವಾಗ ಎಲ್ಲರ ಸಹಿ ಸಿಗುತ್ತದೆ. ನನಗೆ ಇನ್ನೊಂದು ತೋರುತ್ತದೆ. ಓಟು ಹಾಕುವಾಗ ನಾವು ಮೂರು ಸಲ ಬಟನ್ ಒತ್ತಿದ್ದೇವೆ ಅಲ್ವಾ? ಬಿಳಿ ಪಟ್ಟಿ ಗ್ರಾಮ ಪಂಚಾಯತಿಗೆ, ಗುಲಾಬಿ ಬ್ಲಾಕ್ ಪಂಚಾಯತಿಗೆ, ನೀಲಿ ಜಿಲ್ಲಾ ಪಂಚಾಯತಿಗೆ. ಕೇಳುವಾಗ ಮಾತ್ರ ಯಾಕೆ ಒಬ್ಬರನ್ನೇ ಕೇಳುವುದು? ಸಂಕ ಪೂರ್ತಿ ಹೊಸದಾಗಿ ಕಟ್ಟಲು ದೊಡ್ಡ ಮೊತ್ತ ಬೇಕು. ಗ್ರಾಮ ಪಂಚಾಯತಿನ ಕೈಯಲ್ಲಿ ಆಗದಿದ್ದರೆ ಬ್ಲಾಕಿನವರಿಗೂ ಜಿಲ್ಲೆಯವರಿಗೂ ಒಂದೊಂದು ಪ್ರತಿ ಹೋಗಲಿ.

ಬೈಲುಮನೆ

ಇಚ್ಚ, ಇದು ನನಗೆ ಹೊಳೆದೇ ಇರಲಿಲ್ಲ. ತೋಡು ವಾರ್ಡನ್ನು ಎರಡು ಮಾಡಿದೆ, ಆದರೆ ನಮ್ಮ ಎರಡೂ ಕರೆಗೆ ಬ್ಲಾಕಿನ ಮೆಂಬರ್ ಒಬ್ಬರೇ. ಖಂಡಿತ ಕೊಡುವ.

ಕುಟುಂಬಶ್ರೀ ಅಕ್ಕ

ನಮ್ಮ ಕುಟುಂಬಶ್ರೀ ಮಹಿಳಾ ಸಂಘದಲ್ಲಿ ಹದಿನಾರು ಮನೆ ಇದೆ. ನಾಳೆ ವಾರದ ಕೂಟ. ಅಲ್ಲಿ ಸಹಿ ಮಾಡಿಸಿ ತರುತ್ತೇನೆ. ಸಭೆ ದಿನ ಹೆಂಗಸರನ್ನು ಕರೆದುಕೊಂಡು ಬರುವುದೂ ನನ್ನ ಜವಾಬ್ದಾರಿ. ಈ ಸಲ ನಮ್ಮ ವಾರ್ಡು ಮಹಿಳಾ ಮೀಸಲು, ಮೆಂಬರ್ ಆಗಿ ಬಂದವರು ನಮ್ಮ ಹಾಗೆಯೇ ಕೊಡಪಾನ ಹೊತ್ತವರು. ಅವರಿಗೆ ಬಾವಿ ಬತ್ತಿದ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ. ಗೆದ್ದದ್ದಕ್ಕೆ ಅಭಿನಂದನೆ ಹೇಳಲು ಹೋಗುವಾಗ ನಾಲ್ಕು ಜನ ಒಟ್ಟಿಗೆ ಹೋಗಿ ವಿಷಯ ತಿಳಿಸುವ. ಅರ್ಜಿ ಕೊಡುವ ಮೊದಲು ಒಂದು ಮಾತು ಹೇಳಿದರೆ ಅವರಿಗೂ ಗೌರವ.

ಗುಡ್ಡೆಮನೆ ತಮ್ಮ

ಅದು ಒಳ್ಳೆಯದು ಅಕ್ಕ. ನಾನೂ ಬರುತ್ತೇನೆ. ಅರ್ಜಿ ಮಲಯಾಳದಲ್ಲೇ ಬರೆಯುವ ಅಂತ ನನ್ನ ಅಭಿಪ್ರಾಯ. ಆಫೀಸಿನಲ್ಲಿ ಬೇಗ ಕೆಲಸ ಆಗುತ್ತದೆ. ಕನ್ನಡದಲ್ಲಿ ಕೊಟ್ಟರೆ ‘ಓದಲು ಬರುವವರು ಇವತ್ತು ರಜೆ’ ಅನ್ನುತ್ತಾರೆ. ನನಗೆ ಒಂದು ಸಲ ಹಾಗೆ ಆಗಿದೆ.

ಟೀಚರ್

ತಮ್ಮ, ಇದನ್ನು ನಾನು ಒಪ್ಪುವುದಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೆ 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಹಕ್ಕು ಬರೆದಿಟ್ಟಿದ್ದಾರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆ ಸ್ಥಳೀಯ ಕಚೇರಿಗಳಿಗೆ ನಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವೂ ನಮ್ಮ ಭಾಷೆಯಲ್ಲೇ ಬರಬೇಕು. ಓಟಿನ ದಿನ ಅಭ್ಯರ್ಥಿಗಳ ಹೆಸರು ಕನ್ನಡದಲ್ಲೂ ಇತ್ತು. ಓಟು ಹಾಕಲು ಕನ್ನಡ ಆಗುತ್ತದೆ ಅಂದರೆ ಸಂಕ ಕೇಳಲೂ ಆಗಬೇಕು.

ಇನ್ನೊಂದು ಕಾರಣ ಇದೆ. ಸಹಿ ಹಾಕುವವರಲ್ಲಿ ಎಂಬತ್ತು ದಾಟಿದ ಅಜ್ಜಿಯರಿದ್ದಾರೆ. ತಾವು ಸಹಿ ಹಾಕುವ ಕಾಗದವನ್ನು ಅವರೇ ಓದಿ ತಿಳಿಯಬೇಕು. ಹೆಬ್ಬೆಟ್ಟು ಒತ್ತುವವರಿಗಾದರೆ ನಾವು ಗಟ್ಟಿಯಾಗಿ ಓದಿ ಹೇಳಬೇಕು. ಮೂಲ ಅರ್ಜಿ ಕನ್ನಡದಲ್ಲಿರಲಿ. ಜೊತೆಗೆ ಮಲಯಾಳದ ಒಂದು ಪ್ರತಿ ನಾನೇ ಬರೆದು ಲಗತ್ತಿಸುತ್ತೇನೆ, ಎಂಜಿನಿಯರಿಗೆ ಅನುಕೂಲ ಆಗಲಿ. ಕನ್ನಡವನ್ನು ಮಾತ್ರ ಬಿಡಬೇಡಿ. ನಾವೇ ಬರೆಯುವುದು ನಿಲ್ಲಿಸಿದರೆ ಓದುವವರನ್ನು ಯಾರು ನೇಮಿಸುತ್ತಾರೆ?

ಗುಡ್ಡೆಮನೆ ತಮ್ಮ

ಸರಿ ಟೀಚರ್. ಒಪ್ಪಿದೆ. ಪ್ರಿಂಟ್ ತೆಗೆಯುವ ಕೆಲಸ ನನಗಿರಲಿ.

ರಿಕ್ಷಾ ಅಣ್ಣ

ಹಿಂದಿನ ಸಲ ಒಂದು ಎಸ್ಟಿಮೇಟ್ ಆಗಿತ್ತಲ್ಲ, ಅದು ಎಲ್ಲಿ ಹೋಯಿತು?

ಬೈಲುಮನೆ

ಅಣ್ಣ, ಓವರ್‌ಸಿಯರ್ ಬಂದು ಟೇಪು ಹಿಡಿದು ಅಳೆದದ್ದು ನಿಜ. ಆಮೇಲೆ ಕೇಳಿದಾಗ ‘ಸಂಕ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇಲ್ಲ’ ಅಂದರು. ಆಸ್ತಿ ರಿಜಿಸ್ಟರಿಗೆ ಸೇರದೆ ರಿಪೇರಿ ಹಣ ಹಾಕಲು ಆಗುವುದಿಲ್ಲ. ನಾವು ಹುಟ್ಟುವ ಮೊದಲಿನಿಂದ ಜನ ದಾಟುತ್ತಿರುವ ಸಂಕ ಪುಸ್ತಕದಲ್ಲಿ ಮಾತ್ರ ಇಲ್ಲ! ನಾನು ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ. ಹತ್ತು ರೂಪಾಯಿ ಫೀಸು, 30 ದಿನದಲ್ಲಿ ಉತ್ತರ. ರಿಜಿಸ್ಟರಿನಲ್ಲಿ ಇದೆಯೋ ಇಲ್ಲವೋ ಎಂದು ಬರಹದಲ್ಲಿ ಬರಲಿ. ಇಲ್ಲದಿದ್ದರೆ ಸೇರಿಸಬೇಕೆಂಬುದೇ ಗ್ರಾಮಸಭೆಯ ಮೊದಲ ನಿರ್ಣಯ.

ಮಾಷ್ಟ್ರು

ಸರಿಯಾದ ಕ್ರಮ. ಹೊಸ ಮೆಂಬರುಗಳ ಪ್ರಮಾಣವಚನ 21ನೇ ತಾರೀಕು. ಅದಾದ ಮೇಲೆ ಅರ್ಜಿ ಕೊಡುವ. ತಡ ಮಾಡುವುದು ಬೇಡ, ಮಾರ್ಚ್ 31ಕ್ಕೆ ಪಂಚಾಯತಿನ ವರ್ಷ ಮುಗಿಯುತ್ತದೆ. ಮುಂದಿನ ವರ್ಷದ ಯೋಜನೆಯ ಪಟ್ಟಿ ಅದಕ್ಕೂ ಮೊದಲೇ ತಯಾರಾಗಿ ಜಿಲ್ಲಾ ಯೋಜನಾ ಸಮಿತಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಸಂಕದ ಹೆಸರು ಬರದಿದ್ದರೆ ಇನ್ನೊಂದು ಮಳೆಗಾಲ ಹೀಗೇ ಕಳೆಯಬೇಕು.

ಸಭೆಗೂ ನೂರಕ್ಕೆ ಹತ್ತು ಮಂದಿ ಬರಲೇಬೇಕು, ಇಲ್ಲದಿದ್ದರೆ ಕೋರಂ (ಬೇಕಾದಷ್ಟು ಹಾಜರಾತಿ) ಇಲ್ಲ ಎಂದು ಮುಂದೂಡುತ್ತಾರೆ. ಸಹಿ ಹಾಕಿದವರು ಆ ದಿನ ಮದುವೆ, ಕೋಲ ಅಂತ ಹೋಗಬೇಡಿ. ನಿರ್ಣಯ ಮಿನಿಟ್ಸ್ ಪುಸ್ತಕದಲ್ಲಿ ಬರೆದದ್ದನ್ನು ಓದಿ ನೋಡಿಯೇ ಏಳಬೇಕು.

ಆಚೆಕರೆ ಅಕ್ಕ

ಅರ್ಜಿ, ಸಭೆ ಎಲ್ಲ ಆಗಲಿ. ಈ ವರ್ಷದ ನೀರಿಗೆ ಏನು ಮಾಡುವುದು? ತೋಡಿನ ಹರಿವು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿದೆ. ಇನ್ನು ಹದಿನೈದು ದಿನ ಬಿಟ್ಟರೆ ಕಟ್ಟ ಹಾಕಿಯೂ ಪ್ರಯೋಜನ ಇಲ್ಲ.

ಬೈಲುಮನೆ

ಅಕ್ಕ ಹೇಳಿದ್ದು ಸರಿ. ಅದಕ್ಕೆ ಯಾರನ್ನೂ ಕಾಯುವುದು ಬೇಡ. ನಾಳೆ ಭಾನುವಾರ ಬೆಳಿಗ್ಗೆ ಏಳಕ್ಕೆ ಎರಡೂ ಕರೆಯವರು ಸಂಕದ ಹತ್ತಿರ ಬನ್ನಿ. ಒಳ್ಳೆಯ ಹಲಗೆ ಹದಿನಾಲ್ಕು ಉಳಿದಿವೆ. ಕಡಿಮೆ ಬಿದ್ದದ್ದಕ್ಕೆ ನಮ್ಮ ಕೊಟ್ಟಿಗೆಯಲ್ಲಿ ಹಲಸಿನ ಹಲಗೆ ಇದೆ, ಕೊಡುತ್ತೇನೆ. ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿಸಬೇಕು. ಗುಡ್ಡೆಯ ಮುರಮಣ್ಣು ಬೇಡ, ನೀರು ಸೋರುತ್ತದೆ. ಗದ್ದೆಯ ಜೇಡಿ ಬೇಕು.

ಅಂಗಡಿ ಇಚ್ಚ

ನನ್ನ ಗದ್ದೆಯಿಂದ ತೆಗೆಯಿರಿ. ಚಹಾ, ಅವಲಕ್ಕಿ ನಾನು ಕಳಿಸುತ್ತೇನೆ.

ರಿಕ್ಷಾ ಅಣ್ಣ

ಮಣ್ಣು ಸಾಗಿಸಲು ತಮ್ಮನ ಪಿಕಪ್ ಕೇಳಿದ್ದೇನೆ, ಆರೂವರೆಗೆ ಬರುತ್ತದೆ. ಹಾರೆ, ಬುಟ್ಟಿ ಇದ್ದವರು ತನ್ನಿ. ನನ್ನಲ್ಲಿ ಹಾರೆ ಒಂದೇ ಇರುವುದು.

ಕುಟುಂಬಶ್ರೀ ಅಕ್ಕ

ನಮ್ಮಲ್ಲಿ ಆರು ಬುಟ್ಟಿ ಇದೆ. ತರುತ್ತೇವೆ.