ಅಪ್‌ಡೇಟ್: ಗಿನಿ ಹುಲ್ಲಿಗೆ ಯೂರಿಯಾವನ್ನು ಕಂತಿನಲ್ಲಿ ಕೊಟ್ಟ ಮೇಲೆ

ಹಸುಗಳನ್ನು ಬಿಟ್ಟು ಮೇಯಿಸುವ ನಮ್ಮ ಒಂದು ಎಕರೆ ಗಿನಿ ಹುಲ್ಲಿಗೆ 45 ಕಿಲೋ ತೂಕದ ಇಡೀ ಚೀಲ ಯೂರಿಯಾ ಎರಚಿದರೂ ಹುಲ್ಲು ಹಳದಿಯಾಗಿಯೇ ಉಳಿದದ್ದೇಕೆ ಎಂದು ಮುಂಗಾರಿನ ಆರಂಭದಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ತಪ್ಪು ನನ್ನದೇ ಆಗಿತ್ತು. ತುಂತುರು ಮಳೆಗೆ ಮೇಲ್ಮಣ್ಣು ಮಾತ್ರ ನೆನೆದಿದ್ದಾಗ ಎರಚಿದ್ದೆ. ಆಮೇಲೆ ನಾಲ್ಕು ದಿನ ಸುಡುಬಿಸಿಲು ಬಿದ್ದುದರಿಂದ ಸಾರಜನಕದ ಸಾಕಷ್ಟು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗಿರಬೇಕು. ನೆಲಕ್ಕೆ ಸಾರಜನಕದ ಕೊರತೆಯಿತ್ತು ಎಂಬುದಕ್ಕೆ ಸಾಕ್ಷಿ ಕಣ್ಣೆದುರೇ ಇತ್ತು: ಹಸುಗಳ ಗಂಜಲ ಬಿದ್ದ ಕಡೆಯಲ್ಲೆಲ್ಲ ಮೊರದಗಲದ ಕಡುಹಸಿರು ತೇಪೆಗಳು, ಸುತ್ತಲೂ ಸೊರಗಿದ ಹುಲ್ಲು.

ನೀವು ಹೇಳಿದಂತೆ ಮುಂದಿನ ಚೀಲವನ್ನು ಮೂರು ಪಾಲು ಮಾಡಿದೆ. ಯೂರಿಯಾದಲ್ಲಿ ಸಾರಜನಕ ಶೇ. 46ರಷ್ಟಿರುವುದರಿಂದ 15 ಕಿಲೋಗೆ ಸುಮಾರು 7 ಕಿಲೋ ಸಾರಜನಕ ಸಿಗುತ್ತದೆ. ಪ್ರತಿ ಸಲವೂ ಹಸುಗಳು ಮೇಯ್ದು ಹೊರಬಂದ ಮೇಲೆ, ಒಳ್ಳೆಯ ಮಳೆ ಬರುವ ಲಕ್ಷಣ ಕಂಡ ಸಂಜೆಯೇ, ಎಲೆಗಳ ಮೇಲಿನ ನೀರು ಆರಿದ್ದನ್ನು ನೋಡಿಕೊಂಡು ಎರಚಿದೆ. ಎರಡನೆಯ ಕಂತಿನ ಹೊತ್ತಿಗೆ ಮಳೆ ಕೈಕೊಟ್ಟದ್ದರಿಂದ ಹತ್ತು ದಿನ ಕಾದೆ. ಆತುರಪಡದೆ ಇದ್ದುದು ಒಳ್ಳೆಯದಾಯಿತು. ಈಗ ಬುಡದಿಂದ ತೆಂಡೆಗಳು ದಟ್ಟವಾಗಿ ಒಡೆದಿವೆ, ಎಲೆಯೂ ಅಗಲವಾಗಿದೆ.

ಗೊಬ್ಬರ ಹಾಕಿದ ಮೇಲೆ ಕನಿಷ್ಠ ಮೂರು ವಾರ ಹಸುಗಳನ್ನು ಒಳಗೆ ಬಿಡುತ್ತಿಲ್ಲ. ಬರದಲ್ಲಿ ಬಾಡಿದ ಹುಲ್ಲು ಮಳೆಗೆ ತಟ್ಟನೆ ಚಿಗುರಿದಾಗ ಅದರಲ್ಲಿ ನೈಟ್ರೇಟ್ ಶೇಖರವಾಗಿ ದನಗಳ ಪ್ರಾಣಕ್ಕೇ ಕುತ್ತಾಗಬಹುದು ಎಂಬ ಎಚ್ಚರಿಕೆಯನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಮುಂದಿನ ಮುಂಗಾರಿಗೆ ಕಾಲು ಎಕರೆಯಲ್ಲಿ ಹುಲ್ಲಿನ ಸಾಲುಗಳ ನಡುವೆ ಸ್ಟೈಲೋ (ಗಾಳಿಯ ಸಾರಜನಕವನ್ನು ಬೇರುಗಂಟುಗಳಲ್ಲಿ ಹಿಡಿದಿಡುವ ದ್ವಿದಳ ಮೇವಿನ ಬೆಳೆ) ಬಿತ್ತಿ, ಆ ಭಾಗಕ್ಕೆ ಯೂರಿಯಾ ಹಾಕದೆ ನೋಡುತ್ತೇನೆ.